ಹಾಜರಿ ಕೂಗಿದ ಗೀಜಗ

ಮುಳ್ಳುಹಂದಿಯ ಅಂಗಡಿಯಲ್ಲಿ ಮುಳ್ಳು ಕೊಂಡ ಮಂಗವೊಂದು ಗೀಜಗಗಳ ಪಾಠಶಾಲೆಗೆ ನುಗ್ಗಿ ನಾಲ್ಕು ಮರಿಗಳನ್ನು ಇರಿದು ಕೊಂದಿತು. ಮರುದಿನ ಮೃಗಸಭೆಯಲ್ಲಿ, ಆ ಮರಿಗಳಿಗೆ ನೇಯ್ಗೆ ಕಲಿಸುತ್ತಿದ್ದ ಗೀಜಗದಮ್ಮ ಕೇಳಿದ್ದು ಒಂದೇ: "ಮುಳ್ಳಿನ ಮಾರಾಟ ನಿಲ್ಲಲಿ."

"ಕೊಂದದ್ದು ಮಂಗ ತಾಯಿ, ಮುಳ್ಳಲ್ಲ," ಎಂದಿತು ಮುಳ್ಳುಹಂದಿ. "ಮುಳ್ಳು ಹಿಡಿಯುವುದು ಅಜ್ಜನ ಕಾಲದ ಹಕ್ಕು."

"ಬರಿಗೈಯ ಮಂಗನಿಂದ ನನ್ನ ಮಕ್ಕಳು ಹಾರಿ ತಪ್ಪಿಸಿಕೊಳ್ಳುತ್ತಿದ್ದರು."

ಊಸರವಳ್ಳಿ ನಯವಾಗಿ ನುಡಿಯಿತು: "ನಿಮಗೂ ಒಂದು ಮುಳ್ಳು ಕೊಡಿಸೋಣ, ಮೇಡಂ."

"ನನಗಿರುವುದೊಂದೇ ಕೊಕ್ಕು. ಅದರಲ್ಲಿ ಮುಳ್ಳು ಕಚ್ಚಿಕೊಂಡರೆ ಹುಲ್ಲೆಳೆ ಹಿಡಿದು ಪಾಠ ಹೇಳುವುದು ಹೇಗೆ?"

ಅಧ್ಯಕ್ಷ ಆನೆ ಗಂಟಲು ಸರಿಪಡಿಸಿಕೊಂಡಿತು. "ಶೋಕದ ದಿನ ವಾದ ಸಲ್ಲದು. ಪ್ರತಿ ಸಲದಂತೆ ಮೌನವಾಗಿ ನಿಂತು ಮನೆಗೆ ಹೋಗೋಣ."

ಎಲ್ಲರೂ ತಲೆ ತಗ್ಗಿಸಿದರು. ಗೀಜಗದಮ್ಮ ತಗ್ಗಿಸಲಿಲ್ಲ. ಬೆಳಗಿನ ಹಾಜರಿ ಕೂಗುವ ದನಿಯಲ್ಲೇ ಸತ್ತ ಮರಿಗಳ ಹೆಸರುಗಳನ್ನು ಒಂದೊಂದಾಗಿ ಕರೆದಳು. ಪ್ರತಿ ಹೆಸರಿಗೂ ಉತ್ತರಕ್ಕಾಗಿ ಕಾಯುತ್ತ ಮುಳ್ಳುಹಂದಿಯ ಮುಖವನ್ನೇ ನೋಡಿದಳು. ನಾಲ್ಕನೆಯ ಹೆಸರಿಗೆ ಮುಳ್ಳುಹಂದಿ ಕಿರುಚಿತು: "ಸಾಕು ಮಾಡು!"

"ಬೆಳಗಿನಿಂದ ನಾನು ಹೇಳುತ್ತಿರುವುದೂ ಅದನ್ನೇ," ಎಂದು ಗೀಜಗದಮ್ಮ ಮೊದಲ ಹೆಸರನ್ನು ಮತ್ತೆ ಕೂಗಿದಳು.