ಅಂಬುಜೆ ಟೀಚರ್ ಮತ್ತು ಹದ್ದಿನ ನೆರಳಿನ ಪಾಠ

ಗುಡ್ಡದ ಕೆಳಗಿನ ಕಾಡಿನಲ್ಲಿ ಒಂದು ಕೆರೆ ಇತ್ತು. ಕೆರೆಯ ದಂಡೆಯಲ್ಲಿ ಒಂದು ಗೋಣಿಮರ. ಆ ಮರದ ಬುಡದಲ್ಲೇ ಕಾಡಿನ ಶಿಕ್ಷಕರ ತರಬೇತಿ ಶಾಲೆ ನಡೆಯುತ್ತಿತ್ತು. ಮಕ್ಕಳೇ, ಟೀಚರ್ ಆಗುವುದಕ್ಕೂ ಶಾಲೆ ಬೇಕೇ ಎಂದು ನಗಬೇಡಿ. ನಿಮಗೆ ಪಾಠ ಹೇಳುವವರೂ ಒಂದು ಕಾಲದಲ್ಲಿ ಬೆಂಚಿನ ಮೇಲೆ ಕೂತು ಬೈಸಿಕೊಂಡವರೇ.

ಆ ಶಾಲೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಎರಡು ವರ್ಷ ಓದಿದರೂ ಸರಿ, ಎಲ್ಲದರಲ್ಲೂ ಮೊದಲು ಬಂದರೂ ಸರಿ, ಕೊನೆಗೆ ನಿಜವಾದ ಮರಿಗಳ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಬೇಕು. ಅದಕ್ಕೆ ಪರೀಕ್ಷಾ ಪಾಠ ಎಂದು ಹೆಸರು. ಪರೀಕ್ಷಕರು ಹಿಂದೆ ಕೂತು ನೋಡಿ ಅಂಕ ಹಾಕುತ್ತಾರೆ. ಅದರಲ್ಲಿ ಪಾಸಾದರೆ ಮಾತ್ರ ಟೀಚರ್. ಇಲ್ಲದಿದ್ದರೆ ಮತ್ತೆ ಗೋಣಿಮರದ ಬುಡವೇ ಗತಿ.

ಆ ವರ್ಷ ಕೊನೆಯ ಪಾಠ ಗೊರವಂಕ ಹಕ್ಕಿ ಅಂಬುಜೆಯದು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ದನಿ ಕೆರೆಯ ಆಚೆ ದಡಕ್ಕೂ ಕೇಳುತ್ತಿತ್ತು. ಆದರೂ ಅವಳಿಗೆ ಎದೆ ಡವಡವ. ಯಾಕೆಂದರೆ ಅವಳ ಬಳಗದವರು ಫಲಿತಾಂಶಕ್ಕೆ ಕಾಯದೆ, "ನಮ್ಮ ಹುಡುಗಿ ಟೀಚರಾದಳು" ಎಂದು ಕಾಡಿಗೆಲ್ಲ ಸಾರಿಬಿಟ್ಟಿದ್ದರು. ಬಿದಿರುಮೆಳೆಯ ಶಾಲೆಯಲ್ಲಿ ಅವಳಿಗಾಗಿ ಒಂದು ಕೊಂಬೆಯನ್ನೂ ಖಾಲಿ ಇಟ್ಟಿದ್ದರು. ಈಗ ಫೇಲಾದರೆ ಮುಖ ಎಲ್ಲಿಡುವುದು?

ಹೋದ ವರ್ಷ ಪಾಸಾಗಿದ್ದ ಅಳಿಲು ಕೆಂಚಣ್ಣ ಅವಳ ಪೇಚಾಟ ನೋಡಿ ನಕ್ಕ.

"ಅಷ್ಟಕ್ಕೇ ಊಟ ಬಿಟ್ಟಿದ್ದೀಯಾ? ಪರೀಕ್ಷೆಗೆ ಇನ್ನೂ ಹದಿನೈದು ದಿನ ಇದೆ. ಅದೇ ಪಾಠ ಅದೇ ಮರಿಗಳಿಗೆ ದಿನಾ ಮಾಡು. ಪ್ರಶ್ನೆ ಯಾವುದು, ಉತ್ತರ ಯಾವುದು, ಎಲ್ಲ ಉರು ಹೊಡೆಸು. ನಾನು ಪಾಸಾಗಿದ್ದೇ ಹಾಗೆ."

"ಅದು ಮೋಸ ಅಲ್ವಾ ಅಣ್ಣಾ?"

"ಮೋಸ ಅಲ್ಲ ತಂಗೀ, ಸಿದ್ಧತೆ" ಎಂದ ಕೆಂಚಣ್ಣ. ಮೋಸಕ್ಕೆ ಇಷ್ಟು ಒಳ್ಳೆಯ ಹೆಸರು ಸಿಕ್ಕಿದ ಮೇಲೆ ಅಂಬುಜೆಗೂ ಸಮಾಧಾನವಾಯಿತು.

ಅವಳಿಗೆ ಕೊಟ್ಟಿದ್ದ ತರಗತಿ, ಮೊಲ ದುಂಡವ್ವನ ಏಳು ಮರಿಗಳು. ಕೊಟ್ಟಿದ್ದ ಪಾಠ, ಹದ್ದಿನ ನೆರಳು. ಮೊಲದ ಮರಿಗಳಿಗೆ ಇದಕ್ಕಿಂತ ಬೇಕಾದ ಪಾಠ ಇನ್ನೊಂದಿಲ್ಲ. ಹುಲ್ಲಿನ ಮೇಲೆ ಹದ್ದಿನ ನೆರಳು ಬಿದ್ದ ಕೂಡಲೇ ಕಾರೆ ಪೊದೆಗೆ ಓಡಬೇಕು. ಪಾಠ ಅಷ್ಟೇ. ಒಂದು ಸಾಲಿನ ಪಾಠವನ್ನು ನಲವತ್ತು ನಿಮಿಷ ಎಳೆಯುವುದು ಹೇಗೆಂದು ತರಬೇತಿಯಲ್ಲಿ ಚೆನ್ನಾಗಿ ಹೇಳಿಕೊಟ್ಟಿದ್ದರು.

ಅಂಬುಜೆ ದೊಡ್ಡದೊಂದು ಮುತ್ತುಗದ ಎಲೆಯ ಮೇಲೆ ಹದ್ದಿನ ಚಿತ್ರ ಬರೆದಳು. ಕೊಕ್ಕು, ಉಗುರು, ಬಾಲ, ಎಲ್ಲಕ್ಕೂ ಬಾಣದ ಗುರುತು ಹಾಕಿ ಹೆಸರು ಬರೆದಳು. ಚಾರ್ಟು ನೋಡಿದರೆ ಹದ್ದಿಗೂ ಹೆಮ್ಮೆಯಾಗುವಂತಿತ್ತು.

ಮೊದಲ ದಿನ ಅವಳು ಚಾರ್ಟನ್ನು ಎತ್ತಿ ಹಿಡಿದಳೋ ಇಲ್ಲವೋ, ಚಿಗುರಿ ಎಂಬ ಕಿರಿಯ ಮರಿ ಚಂಗನೆ ನೆಗೆದು ಪೊದೆಯೊಳಗೆ ಮಾಯವಾಯಿತು.

"ಏಯ್ ಚಿಗುರಿ, ಬಾ ಇಲ್ಲಿ!" ಅಂಬುಜೆ ಗದರಿದಳು. "ಪಾಠದ ಮಧ್ಯೆ ಎದ್ದು ಓಡುತ್ತಾರೇನು? ಶಿಸ್ತಿಗೇ ಹತ್ತು ಅಂಕ ಇದೆ. ಕೂತಲ್ಲೇ ಕೂತು ಬಾಯಲ್ಲಿ ಉತ್ತರ ಹೇಳಬೇಕು. ತಿಳಿಯಿತಾ?"

"ತಿಳೀತು ಟೀಚರ್" ಎಂದಿತು ಚಿಗುರಿ.

ಹದಿನೈದು ದಿನ ಇದೇ ನಡೆಯಿತು. ಬೆನ್ನು ನೆಟ್ಟಗೆ, ಕಿವಿ ನೆಟ್ಟಗೆ. ಏನೇ ಆದರೂ ಯಾರೂ ಅಲ್ಲಾಡಬಾರದು. ಉತ್ತರ ನೆನಪಿರದ ಎರಡು ಮರಿಗಳನ್ನು ನಡುವೆ ಕೂರಿಸಿ, "ನೀವು ಸುಮ್ಮನೆ ಬಾಯಿ ಆಡಿಸಿದರೆ ಸಾಕು" ಎಂದು ಹೇಳಿದ್ದಳು. ಅವೂ ಬಾಯಿ ಆಡಿಸುವುದನ್ನು ಚೆನ್ನಾಗಿ ಕಲಿತವು.

ಪರೀಕ್ಷೆಯ ದಿನ ಬಂತು. ಪರೀಕ್ಷಕರು ಆಮೆ ನಿಧಾನಪ್ಪ ಮೇಷ್ಟ್ರು. ಬೆಳಗಿನ ಪಾಠಕ್ಕೆ ಅವರು ಹಿಂದಿನ ದಿನವೇ ಹೊರಟಿದ್ದರಿಂದ ಸರಿಯಾದ ಹೊತ್ತಿಗೆ ಬಂದರು. ಹುಲ್ಲಿನ ಮೇಲೆ ಹಿಂದಿನ ಸಾಲಿನಲ್ಲಿ ಕೂತು, ಅಂಕ ಹಾಕುವ ತಾವರೆ ಎಲೆ ಬಿಡಿಸಿಕೊಂಡು, "ಶುರು ಮಾಡಮ್ಮ" ಎಂದರು.

ಅಂಬುಜೆ ಚಾರ್ಟು ತೂಗುಹಾಕಿ ಗಂಟಲು ಸರಿಮಾಡಿಕೊಂಡಳು.

"ಮಕ್ಕಳೇ, ಆಕಾಶದಲ್ಲಿ ಸುತ್ತುತ್ತಾ ಬೇಟೆ ಹುಡುಕುವ ಹಕ್ಕಿ ಯಾವುದು?"

"ಹದ್ದು, ಟೀಚರ್!"

"ಅದರ ಉಗುರು ಹೇಗಿರುತ್ತದೆ?"

"ಚೂಪಾಗಿ ಬಾಗಿರುತ್ತದೆ, ಟೀಚರ್!"

ನಿಧಾನಪ್ಪನವರು ಬರೆದುಕೊಂಡರು. ದನಿ, ಹತ್ತಕ್ಕೆ ಹತ್ತು. ಚಾರ್ಟು, ಹತ್ತಕ್ಕೆ ಹತ್ತು. ಶಿಸ್ತು, ಹತ್ತಕ್ಕೆ ಹತ್ತು. ಅಂಬುಜೆ ಓರೆಗಣ್ಣಿನಲ್ಲಿ ಅದನ್ನು ನೋಡಿ ಒಳಗೊಳಗೇ ಹಿಗ್ಗಿದಳು. ಇನ್ನು ಉಳಿದದ್ದು ಮುಖ್ಯ ಪ್ರಶ್ನೆ ಒಂದೇ.

ಅಷ್ಟರಲ್ಲಿ ಹುಲ್ಲಿನ ಮೇಲೆ ಒಂದು ನೆರಳು ಬಿತ್ತು.

ನಿಧಾನಪ್ಪನವರು ತಲೆಯನ್ನೂ ನಾಲ್ಕು ಕಾಲುಗಳನ್ನೂ ಚಿಪ್ಪಿನೊಳಗೆ ಎಳೆದುಕೊಂಡರು. ಅದು ಅವರು ಮರಿಯಾಗಿದ್ದಾಗ ಕಲಿತ ಪಾಠ. ಅಂಬುಜೆ ತಲೆಯೆತ್ತಿ ನೋಡಿದಳು. ಚಾರ್ಟಿನಲ್ಲಿ ಇದ್ದಂಥದೇ ಕೊಕ್ಕು, ಅಂಥದೇ ಉಗುರು, ಅಂಥದೇ ಬಾಲ. ಬಾಣದ ಗುರುತು ಮಾತ್ರ ಇರಲಿಲ್ಲ.

ಏಳು ಮರಿಗಳೂ ನೆರಳನ್ನು ನೋಡಿದವು. ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ ಒಟ್ಟಿಗೆ ಕೂಗಿದವು: "ಹದ್ದಿನ ನೆರಳು ಬಿದ್ದರೆ ಪೊದೆಗೆ ಓಡಬೇಕು, ಟೀಚರ್!"

"ಓಡ್ರೋ!" ಅಂಬುಜೆ ಚೀರಿದಳು.

"ಓಡಬೇಕು, ಟೀಚರ್!" ಮರಿಗಳು ಕೂತಲ್ಲೇ ಹೇಳಿದವು. ನಡುವಿನ ಎರಡು ಮರಿಗಳು ಬಾಯಿ ಆಡಿಸಿದವು.

ಹದ್ದು ನೇರವಾಗಿ ಚಿಗುರಿಯ ಮೇಲೆ ಎರಗಿತು. ಅಂಬುಜೆಗೆ ಪರೀಕ್ಷೆ, ಅಂಕ, ಬಿದಿರುಮೆಳೆಯ ಕೊಂಬೆ ಒಂದೂ ನೆನಪಾಗಲಿಲ್ಲ. ಹಾರಿ ಹೋಗಿ ಹದ್ದಿನ ತಲೆಗೇ ಕುಕ್ಕಿದಳು. ರೆಕ್ಕೆಯಿಂದ ಬಡಿದಳು, ಕಣ್ಣಿನ ಹತ್ತಿರ ಪರಚಿದಳು, ಕೆರೆಯ ಆಚೆ ದಡಕ್ಕೆ ಕೇಳುವ ಆ ದನಿಯಲ್ಲಿ ಅರಚಿದಳು. ತಿನ್ನುವ ಹೊತ್ತಿನಲ್ಲಿ ಇಷ್ಟು ಗಲಾಟೆ ಹದ್ದಿಗೆ ಹಿಡಿಸಲಿಲ್ಲ. ಚಿಗುರಿಯ ಕಿವಿಯ ತುದಿಯನ್ನೂ ಅಂಬುಜೆಯ ಬಾಲದ ಮೂರು ಗರಿಗಳನ್ನೂ ಕಿತ್ತುಕೊಂಡು ಗುಡ್ಡದ ಕಡೆಗೆ ಹೊರಟುಹೋಯಿತು.

ಎಲ್ಲ ಸದ್ದು ಅಡಗಿದ ಮೇಲೆ ನಿಧಾನಪ್ಪನವರ ತಲೆ ಹೊರಗೆ ಬಂತು.

"ಉತ್ತರವೆಲ್ಲ ಸರಿಯಾಗಿಯೇ ಹೇಳಿದರಲ್ಲಾ ಸರ್..." ಎಂದಳು ಅಂಬುಜೆ.

"ಹೇಳಿದರು" ಎಂದರು ನಿಧಾನಪ್ಪನವರು. "ಹದ್ದಿಗೂ ಕೇಳಿಸಿತು."

ತಾವರೆ ಎಲೆಯ ಕೆಳಗಡೆ 'ಫೇಲು' ಎಂದು ಬರೆದು, "ಒಂದು ತಿಂಗಳು ಬಿಟ್ಟು ಮತ್ತೆ ಬರುತ್ತೇನೆ. ಮರಿಗಳ ತಾಯಿ ಒಪ್ಪಿದರೆ" ಎಂದು ಹೇಳಿ ಹೊರಟರು. ಅವರು ಕಣ್ಮರೆಯಾಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಅಂಬುಜೆ ಚಿಗುರಿಯ ಕಿವಿಗೆ ಸೊಪ್ಪಿನ ರಸ ಹಿಂಡುತ್ತಾ ಅಳುತ್ತಿದ್ದಳು. ಫೇಲಾದದ್ದಕ್ಕಲ್ಲ. ಮೊದಲ ದಿನ ಪೊದೆಗೆ ಓಡಿದ್ದ ಮರಿಯನ್ನು ಕರೆದು ಕೂರಿಸಿದವಳು ತಾನೇ ಅಲ್ಲವೇ ಎಂಬ ಸಂಕಟ ಅವಳನ್ನು ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಸುದ್ದಿ ಕೇಳಿ ದುಂಡವ್ವ ಓಡಿ ಬಂದಳು.

"ಏನವ್ವಾ ಟೀಚರಮ್ಮ, ಬುದ್ಧಿ ಕಲಿಸು ಅಂತ ಕಳಿಸಿದ್ರೆ ಇದ್ದ ಬುದ್ಧೀನೂ ಕಿತ್ತುಕೊಂಡಿದ್ದೀಯಲ್ಲ! ನಿನ್ನ ಸ್ಕೂಲೂ ಬೇಡ, ನಿನ್ನ ಪಾಠಾನೂ ಬೇಡ."

"ತಪ್ಪು ನನ್ನದೇ ದುಂಡವ್ವಾ" ಎಂದಳು ಅಂಬುಜೆ. "ನಾನು ಇವರಿಗೆ ಪಾಠ ಮಾಡಲೇ ಇಲ್ಲ. ನನ್ನ ಪರೀಕ್ಷೆಗೆ ಇವರನ್ನು ತಯಾರು ಮಾಡಿದೆ. ಈಗ ಇವರಿಗೆ ಕೂರುವುದು ಮಾತ್ರ ಗೊತ್ತು. ಇವರನ್ನು ಹೀಗೇ ಬಿಟ್ಟರೆ ಹದ್ದು ನಾಳೆ ಮತ್ತೆ ಬರುತ್ತದೆ."

ದುಂಡವ್ವ ಬಾಲದ ಗರಿ ಕಿತ್ತುಹೋದ ಆ ಹಕ್ಕಿಯನ್ನು ಸುಮಾರು ಹೊತ್ತು ನೋಡಿದಳು.

"ಆಯ್ತು, ಕಳಿಸ್ತೀನಿ. ಆದ್ರೆ ನಾನೂ ಬಂದು ಪೊದೆ ಪಕ್ಕದಲ್ಲೇ ಕೂತಿರ್ತೀನಿ."

ಮರುದಿನದಿಂದ ಪ್ರಶ್ನೋತ್ತರ ಬಂದ್. ಅಂಬುಜೆ ಆ ಚಾರ್ಟನ್ನೇ ಎರಡು ಕಾಲಲ್ಲಿ ಅಗಲವಾಗಿ ಹಿಡಿದು ಮರಿಗಳ ಮೇಲೆ ಹಾರಿದಳು. ಹುಲ್ಲಿನ ಮೇಲೆ ದೊಡ್ಡ ನೆರಳು ಬಿತ್ತು. ಮರಿಗಳು ಬೆನ್ನು ನೆಟ್ಟಗೆ ಮಾಡಿ, "ಪೊದೆಗೆ ಓಡಬೇಕು, ಟೀಚರ್!" ಎಂದವು. ಉರು ಹೊಡೆದದ್ದು ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹೇಳಿದ ಮರಿಯ ಬೆನ್ನಿಗೆ ಅಂಬುಜೆ ಮೆಲ್ಲಗೆ ಕುಕ್ಕಿದಳು. ಮತ್ತೆ ಹಾರಿದಳು. ಕಲಿಸುವುದಕ್ಕೆ ಹದಿನೈದು ದಿನ ಹಿಡಿದಿತ್ತು. ಮರೆಸುವುದಕ್ಕೆ ಇಪ್ಪತ್ತು ದಿನ ಹಿಡಿಯಿತು. ರೆಕ್ಕೆ ನೋಯುತ್ತಿದ್ದರೂ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಕೆಂಚಣ್ಣ ಬಂದು, "ಇದೇನು ತಂಗೀ, ಪಾಠದ ನಡುವೆ ಇಷ್ಟು ಓಡಾಟ? ಶಿಸ್ತಿನ ಅಂಕ ಹೋಗುತ್ತದೆ" ಎಂದು ಬುದ್ಧಿ ಹೇಳಿದ. ಅವಳು ಅವನ ಮೇಲೂ ಒಂದು ಸುತ್ತು ನೆರಳು ಹಾಯಿಸಿದಳು. ಕೆಂಚಣ್ಣ ಮರ ಹತ್ತಿದ.

ತಿಂಗಳು ಕಳೆದು ನಿಧಾನಪ್ಪನವರು ಬಂದರು. ತರಗತಿ ನೋಡುವ ಹಾಗೆ ಇರಲಿಲ್ಲ. ಒಂದು ಮರಿ ಹುಲ್ಲು ಮೇಯುತ್ತಿತ್ತು. ಒಂದು ಕಿವಿ ಕೆರೆದುಕೊಳ್ಳುತ್ತಿತ್ತು. ಚಿಗುರಿ ಟೀಚರಿಗೇ ಬೆನ್ನು ಹಾಕಿ ಕೂತಿತ್ತು. ಅವರು ಶಿಸ್ತಿನ ಮುಂದೆ ಒಂದು ಸೊನ್ನೆ ಸುತ್ತಿದರು.

ಅಂಬುಜೆ ಬಾಯಿ ತೆರೆದಳು. "ಮಕ್ಕಳೇ, ಇವತ್ತು ನಾವು..."

ಹುಲ್ಲಿನ ಮೇಲೆ ನೆರಳು ಹಾಯಿತು.

ಅಂಬುಜೆ ಮಾತು ನಿಲ್ಲಿಸಿದಳು. ಕೇಳುವುದಕ್ಕೆ ಎದುರಿಗೆ ಯಾರೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಒಂದು ಚಿಪ್ಪು ಮಾತ್ರ ಇತ್ತು. ಗುಡ್ಡದ ಹದ್ದು ಖಾಲಿ ಹುಲ್ಲಿನ ಮೇಲೆ ಎರಡು ಸುತ್ತು ಹಾಕಿ, ಗೊರವಂಕವನ್ನು ಗುರುತು ಹಿಡಿದು, ಬೇರೆ ಕಡೆಗೆ ಹೋಯಿತು.

ಸ್ವಲ್ಪ ಹೊತ್ತಿನ ಮೇಲೆ ನಿಧಾನಪ್ಪನವರು ತಲೆ ಹೊರಗೆ ಹಾಕಿದರು.

"ಮಕ್ಕಳೆಲ್ಲಿ?"

"ಇಲ್ಲ ಸರ್."

"ಪ್ರಶ್ನೆ?"

"ಕೇಳಲಿಲ್ಲ ಸರ್."

"ಉತ್ತರ?"

"ಯಾರೂ ಹೇಳಲಿಲ್ಲ ಸರ್."

ನಿಧಾನಪ್ಪನವರು ಎಲ್ಲದರ ಮುಂದೆಯೂ ಒಂದೊಂದು ಸೊನ್ನೆ ಸುತ್ತಿದರು. ಅವಸರವಿಲ್ಲದೆ ಕೆಳಗಡೆ 'ಪಾಸು' ಎಂದು ಬರೆದು ಎಲೆಯನ್ನು ಅಂಬುಜೆಯ ಕಡೆಗೆ ಚಾಚಿದರು.

ಅಂಬುಜೆ ಅದನ್ನು ತೆಗೆದುಕೊಳ್ಳಲಿಲ್ಲ. ಅವಳು ಕಾರೆ ಪೊದೆಯ ಕಡೆಗೆ ಕಿವಿಗೊಟ್ಟು ನಿಂತಿದ್ದಳು. ಒಳಗೆ ದುಂಡವ್ವ ಒಂದೊಂದೇ ತಲೆ ಮುಟ್ಟಿ ಎಣಿಸುತ್ತಿದ್ದಳು. ನಾಲ್ಕು, ಐದು, ಆರು. ಆಮೇಲೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ.

"ಏಳೂ ಇದಾವೆ ಟೀಚರಮ್ಮಾ!"

ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅಂಬುಜೆ ಉಸಿರು ಬಿಟ್ಟದ್ದು.

ನೀತಿ: ಬಾಯಲ್ಲಿ ನಿಂತ ಪಾಠ ಪರೀಕ್ಷೆಗಾದೀತು, ಜೀವ ಉಳಿಸುವುದು ಕಾಲಿಗಿಳಿದ ಪಾಠ.