ನಡೆದು ಬಂದ ಹನುಮಪ್ಪ

ಮಾಳಗುಂದಿಯ ಪಡುವಣ ಅಗಸಿಯ ಪಕ್ಕದಲ್ಲಿ ಆಳೆತ್ತರದ ಹನುಮಪ್ಪನೊಬ್ಬ ನಿಂತಿದ್ದಾನೆ. ಅಗಸಿಯೆಂದರೆ ಊರಬಾಗಿಲು. ಬಾಗಿಲು ಕಾಯುವ ಹನುಮಪ್ಪ ಈ ಸೀಮೆಯ ಊರೂರಿಗೂ ಇದ್ದಾನೆ. ಆದರೆ ಇವನನ್ನು ಮಾತ್ರ ನಡೆದು ಬಂದ ಹನುಮಪ್ಪ ಎನ್ನುತ್ತಾರೆ. ಎಲ್ಲಿಂದ ನಡೆದು ಬಂದ ಎಂದು ಪರಸ್ಥಳದವರು ಕೇಳಿದರೆ ಪೂಜಾರಿ ಪಡುವಣಕ್ಕೆ ಕೈ ತೋರಿಸುತ್ತಾನೆ. ಅಲ್ಲಿ ಕಣ್ಣು ಹಾಯುವಷ್ಟು ದೂರ ಬಿಳಿಜೋಳದ ಹೊಲವಿದೆ. ಹೊಲದಿಂದ ದೇವರು ಏಕೆ ನಡೆದು ಬರಬೇಕು ಎಂದು ಮುಂದೆ ಕೇಳುವ ಹೊತ್ತಿಗೆ ಅವನು ಇನ್ನೊಬ್ಬರ ತೆಂಗಿನಕಾಯಿ ಒಡೆಯುತ್ತಿರುತ್ತಾನೆ.

ಹಿಂದೆ ಒಮ್ಮೆ ಆ ಹೊಲವೆಲ್ಲ ಊರೇ ಆಗಿತ್ತು ಎನ್ನುತ್ತಾರೆ. ಮಾಳಗುಂದಿಗೆ ಆಗ ಏಳು ಅಗಸಿಗಳಿದ್ದವು, ಅವನ್ನು ಸುತ್ತಿ ಬರುವ ಭಾರಿ ಕೋಟೆಗೋಡೆಯಿತ್ತು. ಮನೆಗೊಬ್ಬರು ರಾತ್ರಿ ಗೋಡೆಯ ಮೇಲೆ ಪಂಜು ಹಚ್ಚಿಕೊಂಡು ಕಾವಲು ನಿಲ್ಲುವುದು ವಾಡಿಕೆ. ಮುಂದೆ ಹೊಳೆಯ ಆಚೆ ದಡದಲ್ಲಿ ಹೊಸ ಅರಳೆಪೇಟೆಯೊಂದು ಎದ್ದಿತು. ಮೊದಲು ವ್ಯಾಪಾರಿಗಳು ಹೋದರು, ಅವರ ಹಿಂದೆ ಗಾಣಿಗರು, ಬಡಿಗರು, ಬಣ್ಣಗಾರರು ಹೋದರು. ಮಂದಿ ಹೋದರೂ ಗೋಡೆ ಹೋಗಲಿಲ್ಲ. ಉಳಿದವರು ಮರ್ಯಾದಸ್ಥರು, ಊರು ಬರಿದಾದದ್ದು ಹೊರಗಿನವರಿಗೆ ತಿಳಿಯಬಾರದೆಂದು, ಬೀಗ ಬಿದ್ದ ಮನೆಗಳ ಪಾಲಿನ ಪಂಜುಗಳನ್ನೂ ತಾವೇ ಹಚ್ಚಿಡತೊಡಗಿದರು. ದೂರದಿಂದ ನೋಡಿದರೆ ಊರು ಮೊದಲಿನಂತೆಯೇ ಬೆಳಗುತ್ತಿತ್ತು. ಪಂಜಿನ ಪಕ್ಕದಲ್ಲಿ ಮನುಷ್ಯರಿರಲಿಲ್ಲ ಎಂಬುದೊಂದೇ ಕೊರತೆ.

ಸುಲಿಗೆಗಾರರ ದಂಡೊಂದು ಒಂದು ಸುಗ್ಗಿಯಲ್ಲಿ ಈ ಕೊರತೆಯನ್ನು ಕಂಡುಕೊಂಡಿತು. ಉರಿಯುವ ಪಂಜುಗಳ ನಡುವೆಯೇ ಏಣಿ ಹಾಕಿ ಇಳಿದು, ನೆಲದಡಿಯ ಹಗೇವುಗಳಲ್ಲಿ ತುಂಬಿಟ್ಟ ಜೋಳವನ್ನೆಲ್ಲ ಹೇರಿಕೊಂಡು ಹೋದರು. ಕಾವಲಿನ ಮುಖ್ಯಸ್ಥನಾದ ತಳವಾರ ಹುಚ್ಚಪ್ಪ ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಬ್ಬನೇ ಓಡಿ, ನಡುವೆ ಸಿಕ್ಕಿ ಸತ್ತ. ಊರವರು ಅವನನ್ನು ಹೊಗಳಿ ಮಣ್ಣು ಮಾಡಿ, ಮರುದಿನ ಮತ್ತೆ ಎಲ್ಲ ಪಂಜುಗಳನ್ನೂ ಹಚ್ಚಿದರು. ಕಾವಲಿನ ಹೊಣೆ ಅವನ ಹೆಂಡತಿ ಗುರುಬಸವ್ವನಿಗೆ ಬಂತು. ಪಂಜು ಹಿಡಿದು ಅದೇ ಗೋಡೆಯ ಮೇಲೆ ಓಡುವ ಪಾಳಿ ಅವಳ ಮಗ ಸಿದ್ದನಿಗೆ ಬಂತು. ಗಂಡನನ್ನು ಕೊಂದದ್ದು ದಂಡಲ್ಲ, ಗೋಡೆಯ ಉದ್ದ ಎಂಬುದು ಅವಳಿಗೆ ಖಚಿತವಾಗಿತ್ತು. ಇನ್ನೊಂದು ಸುಗ್ಗಿ ಬರುವುದರೊಳಗೆ ಗೋಡೆಯನ್ನು ಒಳಗೆ ತಂದು ಅಗಸಿಗಳನ್ನು ಮೂರಕ್ಕೆ ಇಳಿಸಬೇಕು, ಇಲ್ಲವಾದರೆ ಮಗನೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಿ ಅವಳು ಚಾವಡಿಗೆ ಹೋದಳು.

ಊರಿನ ಒಡೆಯರಾದ ದೇಸಾಯರಿಗೆ ಮಾತು ಹಿಡಿಸಲಿಲ್ಲ. ಅವರು ಹೊರಟಾಗಲೆಲ್ಲ ಮುಂದೆ ಒಬ್ಬ ‘ಏಳು ಅಗಸಿಯ ಒಡೆಯರು’ ಎಂದು ಕೂಗುತ್ತಿದ್ದ. “ಮೂರು ಅಗಸಿಯ ಒಡೆಯ ಅಂತ ಕೂಗಿಸಿಕೊಳ್ಳಲೇನು ನಾನು?” ಎಂದರು.

“ಕೂಗಾವಗ ಏಳು ಅನ್ನಾಕ ಹೇಳ್ರಿ, ದೇಸಾಯರ. ಕಾಯಾವರಿಗೆ ಮೂರು ಸಾಕು.”

ಮಂದಿ ನಕ್ಕರು, ದೇಸಾಯರು ಮೀಸೆಯ ಮರೆಯಲ್ಲಿ ಏನೋ ಅಂದುಕೊಂಡು ಎಲೆಅಡಿಕೆಗೆ ಕೈ ಹಾಕಿದರು. ಗಟ್ಟಿಯಾಗಿ ಅಡ್ಡ ನಿಂತವನು ಪಡುವಣ ಓಣಿಯ ಹಿರಿಯ, ನೇಕಾರ ಮುದಕಪ್ಪ. ಹನುಮಪ್ಪ ಕಡೆಯ ಮನೆಯ ಮುಂದೆ ನಿಲ್ಲಬೇಕು, ಬರುವ ಕೇಡು ಮೊದಲು ಅವನ ಮೈಮೇಲೆ ಬೀಳಬೇಕು ಎಂಬುದು ಊರಿನ ಹಳೆಯ ನೇಮ. ಅವನನ್ನು ಗೋಡೆಯ ಹೊರಗೆ ಬಿಟ್ಟು ಒಳಗೆ ಹೋಗಲು ಆ ಓಣಿಯವರು ಸಿದ್ಧರಿರಲಿಲ್ಲ.

“ದೇವರ್ನ ಹೊಲದಾಗ ನಿಲ್ಲಿಸಿ ನಾವು ಒಳಗ ಹೋಗಿ ಉಣ್ಣೂಣೇನ ತಂಗಿ?”

“ಅವನೂ ಬರಲಿ, ಕಾಕಾ.”

“ಕಡೀ ಮನಿಯಾಗ ದೀಪ ಇರೂತನಕ ಅವ ಅಲ್ಲಾಡೂದಿಲ್ಲ.”

“ಕಡೀ ಮನಿ ನಂದ ಅಲ್ಲೇನು?” ಎಂದಳು ಗುರುಬಸವ್ವ. ಮುದಕಪ್ಪನಿಗೆ ಅದು ನೆನಪಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಗನನ್ನು ಮಾಳಿಗೆ ಹತ್ತಿಸಿ ಮಣ್ಣು ಕೆಳಗಿಳಿಸಿದಳು. ಗಂಡ ನಿಲ್ಲಿಸಿದ ಕಂಬಗಳನ್ನು ತಾನೇ ಅಲುಗಿಸಿ ಕಿತ್ತಳು. ಅಳುವುದಕ್ಕೆಂದು ಬಂದ ನೆರೆಯ ಹೆಂಗಸರ ಕೈಗೆ ಒಂದೊಂದು ಕಲ್ಲು ಕೊಟ್ಟು, ಹೊಸ ಗೋಡೆಗೆಂದು ತಾನು ಹಾಕಿದ್ದ ಗುರುತಿನ ಕಡೆಗೆ ನಡೆಸಿದಳು. ಸಂಜೆ ಆ ಮನೆಯಲ್ಲಿ ದೀಪವಿರಲಿಲ್ಲ. ನೇಮದ ಪ್ರಕಾರ ಈಗ ಹನುಮಪ್ಪ ಯಾರ ಮುಂದೆಯೂ ನಿಂತಿರಲಿಲ್ಲ. ಮುದಕಪ್ಪ ಮಾತಿಗೆ ಕಟ್ಟುಬಿದ್ದವನು. ತಾನೇ ಹಗ್ಗ ತರಿಸಿದ. ಅವಳ ಮನೆಯ ಕಂಬಗಳನ್ನೇ ಉರುಳೆ ಮಾಡಿ ಹನುಮಪ್ಪನನ್ನು ಎಳೆದು ಮುಂದಿನ ಮನೆಯ ಎದುರು ನಿಲ್ಲಿಸಿದರು. ದೇವರು ತಾನಾಗಿಯೇ ನಡೆದ ಎಂದು ಕಥೆ. ಹಗ್ಗ ಹಿಡಿದವರು ಸುಮ್ಮನೆ ಜೊತೆಗೆ ಹೋದರಂತೆ.

ಆಮೇಲೆ ಕೆಲಸ ನಿಲ್ಲಲಿಲ್ಲ. ಒಂದು ಮನೆ ಬಿಚ್ಚಿದಾಗ ಅದರ ಕಲ್ಲು ಹೊಸ ಗೋಡೆಗೆ ಹೋಗುತ್ತಿತ್ತು, ಹನುಮಪ್ಪ ಒಂದು ಮನೆಯಷ್ಟು ಒಳಗೆ ಬರುತ್ತಿದ್ದ. ಯಾರೂ ಒಂದು ದಿನವೂ ಅವನ ಕಾವಲಿನ ಆಚೆ ಮಲಗಬೇಕಾಗಲಿಲ್ಲ. ಮನೆ ಬಿಚ್ಚಿ ಬಂದವರು ಊರ ನಡುವೆ ಬೀಗ ಬಿದ್ದಿದ್ದ ಮನೆಗಳನ್ನು ಹೊಕ್ಕರು. ಗಾಣದ ಮನೆಯಲ್ಲಿ ಮಗ್ಗ ಹೂಡಿದ ಮುದಕಪ್ಪ, ನೇಯ್ದ ಸೀರೆಯೆಲ್ಲ ಎಣ್ಣೆ ನಾರುತ್ತದೆಂದು ಸಾಯುವವರೆಗೂ ಗುರುಬಸವ್ವನನ್ನು ಬೈದನಂತೆ. ಗೋಡೆ ಮಾತ್ರ ಚೆಲುವಾಗಲಿಲ್ಲ. ಮಂದಿ ಇದ್ದ ಕಡೆ ಉಬ್ಬಿತು, ಇಲ್ಲದ ಕಡೆ ಒಳಗೆ ಸೊಟ್ಟಗಾಯಿತು. ದೇಸಾಯರ ಮುಂದೆ ಕೂಗುವವನು ಏಳು ಅಗಸಿ ಎಂದೇ ಕೂಗುತ್ತಿದ್ದ. ಅವುಗಳಲ್ಲಿ ನಾಲ್ಕು ಹೊಲದಲ್ಲಿದ್ದವು.

ಸುಗ್ಗಿಗೆ ದಂಡು ಮತ್ತೆ ಬಂತು. ಹಳೆಯ ಅಗಸಿಯನ್ನು ಯಾರೂ ತಡೆಯದೆ ದಾಟಿ, ಓಣಿಗಳಿದ್ದಲ್ಲಿ ಅಡಿಪಾಯಗಳಿಗೆ ಕುದುರೆಗಳ ಕಾಲು ಎಡವಿಸಿಕೊಳ್ಳುತ್ತ, ಮಬ್ಬುಗತ್ತಲಲ್ಲಿ ಒಳಗೆ ಬಂದು ನೋಡಿದರೆ ಎದುರಿಗೊಂದು ಗಿಡ್ಡ ಸೊಟ್ಟ ಗೋಡೆ. ಪಂಜುಗಳು ಕಡಿಮೆಯಿದ್ದವು. ಒಂದೊಂದು ಪಂಜಿನ ಪಕ್ಕದಲ್ಲೂ ಒಬ್ಬ ಮನುಷ್ಯನಿದ್ದ, ಅವನು ಕೂಗಿದರೆ ಪಕ್ಕದವನಿಗೆ ಕೇಳುತ್ತಿತ್ತು. ಕವಣೆಕಲ್ಲುಗಳ ಮಳೆಗೆ ಸಿಕ್ಕಿ ದಂಡು ಬಂದ ದಾರಿ ಹಿಡಿಯಿತು. ಬೆಳಿಗ್ಗೆ ಸಿದ್ದ ಗೋಡೆಯಿಂದ ಇಳಿದು ಬಂದು ಹಸಿವು ಎಂದ. ಗುರುಬಸವ್ವ ರೊಟ್ಟಿ ಬಡಿಯಲು ಕೂತಳು.

ಹೊಲಗಳ ನಡುವೆ ಈಗಲೂ ಬರಿದಾದ ಕಟ್ಟೆಗಳ ಸಾಲೊಂದು ಊರಿನ ಕಡೆಗೆ ಬರುವುದನ್ನು ನೋಡಬಹುದು. ಹನುಮಪ್ಪ ನಿಂತು ನಿಂತು ಬಂದ ತಾಣಗಳಿವು. ಒಕ್ಕಲಿಗರು ಅವನ್ನು ಬಳಸಿಕೊಂಡೇ ನೇಗಿಲು ಹೊಡೆಯುತ್ತಾರೆ. ಈಚೆಗೆ ಭಕ್ತರೊಬ್ಬರು ಹನುಮಪ್ಪನ ಬುಡಕ್ಕೆ ಸಿಮೆಂಟು ಹಾಕಿಸಿ ಗಟ್ಟಿ ಮಾಡಿಸುತ್ತೇನೆ ಎಂದು ಮುಂದೆ ಬಂದರು. ಊರವರು ಅವರಿಗೆ ಶಾಲು ಹೊದಿಸಿ, ಊಟ ಹಾಕಿ, ಸಿಮೆಂಟಿನ ಚೀಲಗಳನ್ನು ಶಾಲೆಯ ಕಾಂಪೌಂಡಿಗೆ ಬಳಸಿಕೊಂಡರು. ಹನುಮಪ್ಪ ಇಂದಿಗೂ ಗಾರೆಯಿಲ್ಲದೆ ಬರಿಯ ಕಲ್ಲಿನ ಮೇಲೆ ನಿಂತಿದ್ದಾನೆ. ಬಗ್ಗಿ ನೋಡಿದವರಿಗೆ, ಹಗ್ಗ ತೂರಿಸಲು ಬಿಟ್ಟ ಸಂದು ಕಾಣುತ್ತದೆ.