ತಲೆ ಎಣಿಸಿದ ಅಂಬಿಗ

"ಗುರುಗಳೇ, ಐನೂರು ಜನರ ಸಭೆಯಲ್ಲಿ ಒಬ್ಬನಿಂದ ಏನಾದೀತು?"

ಕೇಳಿದವನು ಬಸವಂತ. ಮಠದಲ್ಲಿ ಓದಿ ಬೆಳೆದವನು, ಈಗ ದೇಶದ ಮಹಾಸಭೆಯ ಸದಸ್ಯ. ಗೋಮಾಳಗಳನ್ನು ಕಂಪನಿಗಳಿಗೆ ವಹಿಸುವ ಮಸೂದೆ ಸೋಮವಾರದಿಂದ ಚರ್ಚೆಯಲ್ಲಿತ್ತು. ಶುಕ್ರವಾರ ಮತಕ್ಕೆ ಬರುವುದಿತ್ತು. ಅದು ಪಾಸಾದರೆ ಅವನನ್ನು ಆರಿಸಿ ಕಳಿಸಿದ ಕುರಿಗಾಹಿಗಳ ಮಂದೆಗೆ ಹುಲ್ಲಿಲ್ಲ. ಮಾತಾಡಲು ಅವನಿಗೆ ಸರದಿಯೇ ಸಿಕ್ಕಿರಲಿಲ್ಲ. ಬೇಸತ್ತು, ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡು, ಇವತ್ತು ಬೆಳಿಗ್ಗೆಯೇ ಸಭೆ ಬಿಟ್ಟು ಮಠಕ್ಕೆ ಬಂದಿದ್ದ.

"ಒಬ್ಬ ಪೇದೆಗೆ ಆಜ್ಞೆ ಮಾಡುವ ಅಧಿಕಾರವೂ ನನಗಿಲ್ಲ" ಎಂದ.

ಗುರುಗಳು ನಕ್ಕು ಹೇಳತೊಡಗಿದರು.

"ಒಂದು ರಾಜ್ಯದಲ್ಲಿ ಒಬ್ಬ ಅಂಬಿಗ ಸಭೆಗೆ ಆರಿಸಿ ಬಂದ. ಹೊಳೆ ದಾಟಿಸುವ ಹಕ್ಕನ್ನೆಲ್ಲ ಒಬ್ಬ ವರ್ತಕನಿಗೆ ಕೊಡುವ ಮಸೂದೆ ಬಂತು. ಅದು ಪಾಸಾದರೆ ಅಂಬಿಗನ ಕುಲದವರೆಲ್ಲ ದೋಣಿ ಮಾರಬೇಕು. ಮಾತಾಡುವವರ ಪಟ್ಟಿಯಲ್ಲಿ ಅವನದು ಕಟ್ಟಕಡೆಯ ಹೆಸರು. ಊಟದ ಹೊತ್ತಾದ ಮೇಲೆ ಸದಸ್ಯರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಅಂಬಿಗರಿಗೆ ಒಂದು ಅಭ್ಯಾಸ. ತಲೆ ಎಣಿಸದೆ ದೋಣಿಯ ಹಗ್ಗ ಬಿಚ್ಚುವುದಿಲ್ಲ. ಅವನು ಸುಮ್ಮನೆ ಎಣಿಸಿದ. ಮೂವತ್ತೆಂಟು. ಐವತ್ತು ಜನರಿಲ್ಲದೆ ಸಭೆ ನಡೆಯಕೂಡದು ಎಂಬ ನಿಯಮ ಪುಸ್ತಕದಲ್ಲಿತ್ತು. ಪುಸ್ತಕ ಎಲ್ಲರಿಗೂ ಕೊಟ್ಟಿದ್ದರು, ಓದಿದವನು ಇವನೊಬ್ಬ. ಎದ್ದು ನಿಂತು ಸಭಾಧ್ಯಕ್ಷರಿಗೆ, 'ಸ್ವಾಮಿ, ಎಣಿಸಿ' ಎಂದ. ಸದಸ್ಯರನ್ನು ಕರೆಯಲು ಗಂಟೆ ಬಾರಿಸಿದರು, ಯಾರೂ ಬರಲಿಲ್ಲ. ಅಂದಿನ ಸಭೆ ಮುಗಿಯಿತು.

"ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನವೂ. ಮಂತ್ರಿ ಅವನನ್ನು ಕರೆಸಿ ರೇಗಿದ: 'ನಿನಗಿರೋದು ಒಂದೇ ಮತ. ಅದನ್ನಿಟ್ಕೊಂಡು ಏನು ಮಾಡ್ತೀಯಾ?'

"'ಗೆಲ್ಲೋಕೆ ಬಹಳ ಜನ ಬೇಕು ಸ್ವಾಮಿ. ಎಣಿಸೋಕೆ ಒಬ್ಬ ಸಾಕು.'

"ಅವನಿಗೆ ಜ್ವರ ಬಂತು, ಕಂಬಳಿ ಹೊದ್ದು ಬಂದು ಕೂತ. ಹಂಗಿಸಿದರು, ಆಸೆ ತೋರಿಸಿದರು. ಅವನು ಜಾಗ ಬಿಡಲಿಲ್ಲ. ಎಂಟನೆಯ ದಿನ ಮಂತ್ರಿ ಸದಸ್ಯರನ್ನೆಲ್ಲ ಎಳೆದು ತಂದು ಕೂರಿಸಿದ. ಸಭೆ ಕಿಕ್ಕಿರಿಯಿತು, ಅಂಬಿಗನ ಸರದಿಯೂ ಬಂತು. ಐದು ನಿಮಿಷ ಮಾತಾಡಿದ. ಮಸೂದೆಯಲ್ಲಿ ಏನಿದೆಯೆಂದು ಬಹಳ ಜನ ಮೊದಲ ಸಲ ಕೇಳಿದ್ದು ಆಗಲೇ. ಮತ ಎಣಿಸಿದಾಗ ಹನ್ನೊಂದು ಕಡಿಮೆ ಬಿದ್ದು ಮಸೂದೆ ಸೋತಿತು."

ಬಸವಂತನ ಮುಖ ಅರಳಿತು. "ಆ ನಿಯಮ ನಮ್ಮಲ್ಲೂ ಇದೆ, ಗುರುಗಳೇ! ಯಾರೂ ಬಳಸುವುದಿಲ್ಲ ಅಷ್ಟೇ. ಮಧ್ಯಾಹ್ನವಾದರೆ ನಮ್ಮ ಸಭೆಯೂ ಖಾಲಿ."

ಗುರುಗಳು ಅವನನ್ನೇ ನೋಡಿದರು.

"ಇವತ್ತು ಬುಧವಾರ. ಮಧ್ಯಾಹ್ನ ಎಷ್ಟು ತಲೆ ಇದ್ದವು, ಬಸವಂತ?"